ಮಕ್ಕಳು ಬರುವುದು ನಿಂತಿದೆ: ವಲಸಿಗ, ನಿರಾಶ್ರಿತ ಹದಿಹರೆಯದವರ ಸಂಜೆ ಕಾರ್ಯಕ್ರಮ ಮುಂದುವರಿಸುವುದು ಹೇಗೆ?

ಸಂಜೆಪಾಠ (ಪ್ರಶ್ನೆ)

ವಾರಕ್ಕೆ ಎರಡು ಸಂಜೆ, ತಲಾ ಒಂದೂವರೆ ಗಂಟೆ. 13ರಿಂದ 18 ವರ್ಷದ ವಲಸಿಗ, ನಿರಾಶ್ರಿತ ಕುಟುಂಬಗಳ ಮಕ್ಕಳು. ಹೋಂವರ್ಕ್, ಭಾಷೆ, ಕೊನೆಗೊಂದಿಷ್ಟು ಆಟ. ಪಟ್ಟಿಯಲ್ಲಿ 42 ಹೆಸರಿವೆ. ವಲಸೆ ನಿಯಮ ಬಿಗಿಯಾಗುತ್ತಿದೆ ಎಂಬ ಸುದ್ದಿ ಹಬ್ಬಿದ ಮೇಲೆ ಬರುವವರು 15 ದಾಟುತ್ತಿಲ್ಲ. ಬಂದವರಲ್ಲೂ ಕೆಲವರು ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ.

ಸಮಿತಿಯಲ್ಲಿ ಮೂರು ಮಾತು. ಪರಿಸ್ಥಿತಿ ತಿಳಿಯಾಗುವವರೆಗೆ ನಿಲ್ಲಿಸೋಣ ಅನ್ನುವವರು ಕೆಲವರು, ಎಲ್ಲವನ್ನೂ ಆನ್‌ಲೈನ್ ಮಾಡೋಣ ಅನ್ನುವವರು ಕೆಲವರು, ಕೌನ್ಸೆಲರ್ ಒಬ್ಬರನ್ನು ಕರೆಸಿ ಮಕ್ಕಳು ಗುಂಪಿನಲ್ಲಿ ಭಯ ಹೇಳಿಕೊಳ್ಳಲಿ ಅನ್ನುವವರು ಇನ್ನು ಕೆಲವರು. ಈ ನಡುವೆ ಒಬ್ಬ ತಾಯಿ ನೋಂದಣಿ ಫಾರಂ ವಾಪಸ್ ಕೇಳಿದ್ದಾರೆ. ಇನ್ನೊಬ್ಬ ಪೋಷಕರು ತಮ್ಮ ವಲಸೆ ಅರ್ಜಿ ತುಂಬಿಕೊಡಿ ಅಂತ ಸ್ವಯಂಸೇವಕರನ್ನು ಕೇಳುತ್ತಿದ್ದಾರೆ. ಇಂಥ ಕಾರ್ಯಕ್ರಮ ನಡೆಸಿ ಅನುಭವ ಇರುವವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಕಡತಗಾರ

ಆ ತಾಯಿ ಕೇಳಿದ ಫಾರಂನಿಂದಲೇ ಶುರು ಮಾಡಿ. ಅದು ಸರಿಹೋಗದೆ ಬೇರೆ ಏನು ಮಾಡಿದರೂ ಪೋಷಕರು ನಂಬುವುದಿಲ್ಲ.

ಫಾರಂ ಮುಂದಿಟ್ಟುಕೊಂಡು ಪ್ರತಿ ಕಾಲಂಗೂ ಒಂದೇ ಪ್ರಶ್ನೆ ಕೇಳಿ: ಇದು ಗೊತ್ತಿಲ್ಲದಿದ್ದರೆ ಮಂಗಳವಾರ ಸಂಜೆ ನಮ್ಮ ಕೆಲಸ ಯಾವುದು ನಿಲ್ಲುತ್ತದೆ? ಮಗುವನ್ನು ಕರೆಯುವ ಹೆಸರು, ಹುಟ್ಟಿದ ವರ್ಷ (ಪೂರ್ತಿ ದಿನಾಂಕ ಬೇಡ), ಮನೆಮಾತು, ಪೋಷಕರ ಫೋನ್, ತುರ್ತಿಗೆ ಇನ್ನೊಂದು ಫೋನ್, ಅಲರ್ಜಿ ಮತ್ತು ಔಷಧಿ, ಯಾರು ಕರೆದುಕೊಂಡು ಹೋಗಬಹುದು. ಇಷ್ಟು ಇರಲಿ. ವಲಸೆ ಸ್ಥಿತಿ, ಹುಟ್ಟಿದ ದೇಶ, ಪಾಸ್‌ಪೋರ್ಟ್ ಸಂಖ್ಯೆ, ಬಂದ ದಿನಾಂಕ, ಧರ್ಮ, ಅಪ್ಪ ಅಮ್ಮ ಕೆಲಸ ಮಾಡುವ ಜಾಗ, ಇವೆಲ್ಲ ಕಿತ್ತುಹಾಕಿ. ದಾಖಲೆಯ ಜೆರಾಕ್ಸ್ ಅಂತೂ ಇಟ್ಟುಕೊಳ್ಳಲೇಬೇಡಿ. ನಿಮ್ಮ ಬಳಿ ಇಲ್ಲದ್ದನ್ನು ಯಾರೂ ನಿಮ್ಮಿಂದ ಪಡೆಯಲಾರರು.

ಹೆಚ್ಚಿನವರು ಎಡವುವ ಜಾಗ ಇದು: ಹಂಚಿಕೊಂಡ ಸ್ಪ್ರೆಡ್‌ಶೀಟ್‌ನಲ್ಲಿ ಕಾಲಂ ಅಳಿಸಿದರೆ ಮಾಹಿತಿ ಹೋಗುವುದಿಲ್ಲ. ಹಳೆಯ ಆವೃತ್ತಿಗಳ ಇತಿಹಾಸದಲ್ಲಿ ಅದು ಹಾಗೇ ಕೂತಿರುತ್ತದೆ. ಹೊಸ ಫೈಲ್ ತೆರೆದು, ಬೇಕಾದ ಕಾಲಂಗಳನ್ನಷ್ಟೇ ನಕಲು ಮಾಡಿ, ಹಳೆಯ ಫೈಲನ್ನು ಟ್ರ್ಯಾಶ್‌ನಿಂದಲೂ ತೆಗೆಯಿರಿ. ಸ್ವಯಂಸೇವಕರ ಫೋನು, ಲ್ಯಾಪ್‌ಟಾಪ್‌ಗಳಿಗೆ ಇಳಿಸಿಕೊಂಡ ಪ್ರತಿಗಳನ್ನೂ ಕೇಳಿ ಅಳಿಸಿ. ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಸೆಟ್ಟಿಂಗ್ ಇದ್ದರೆ ಇವತ್ತೇ ಬದಲಿಸಿ. ಪಟ್ಟಿ ಇಬ್ಬರ ಕೈಯಲ್ಲಿದ್ದರೆ ಸಾಕು.

ಕಾಗದದ ಹಾಜರಿ ಪುಸ್ತಕ ಬಾಗಿಲ ಬಳಿ ಮೇಜಿನ ಮೇಲೆ ಬಿದ್ದಿರುತ್ತದೆ, ಬಂದವರೆಲ್ಲ ಮೇಲಿನ ಹೆಸರುಗಳನ್ನು ಓದಿಯೇ ಸಹಿ ಹಾಕುತ್ತಾರೆ. ಅದರ ಬದಲು ಪ್ರತಿ ಮಗುವಿಗೆ ಒಂದು ಸಂಖ್ಯೆ ಕೊಡಿ, ಹಾಜರಿಯಲ್ಲಿ ಸಂಖ್ಯೆ ಮಾತ್ರ. ಹೆಸರು–ಸಂಖ್ಯೆ ಹಾಳೆ ಬೀಗದೊಳಗಿರಲಿ.

ಒಂದು ಎಚ್ಚರಿಕೆ. ಯಾವ ದಾಖಲೆ ಎಷ್ಟು ದಿನ ಎಂಬುದನ್ನು ಈಗಲೇ ಬರೆದಿಟ್ಟು (ಉದಾಹರಣೆಗೆ, ಮಗು ಬಿಟ್ಟುಹೋದ 90 ದಿನಕ್ಕೆ ಅಳಿಸುವುದು) ಹಾಗೇ ನಡೆಯಿರಿ. ದಾಖಲೆ ಕೇಳಿ ಅಧಿಕೃತ ನೋಟಿಸ್ ಬಂದ ಮೇಲೆ ಅಳಿಸಲು ಕೂತರೆ ಅದೇ ಅಪರಾಧವಾಗಬಹುದು.

ಸಂಜೆಪಾಠ

ಧನ್ಯವಾದ. ಆದರೆ ಅನುದಾನ ಕೊಡುವವರು ‘ಯಾವ ದೇಶದವರು ಎಷ್ಟು ಮಂದಿ’ ಅಂತ ಕೇಳುತ್ತಾರೆ. ಅದಕ್ಕೇನು ಮಾಡುವುದು?

ಕಡತಗಾರ

ಹೆಸರಿಲ್ಲದ ಚೀಟಿಗಳಲ್ಲಿ ವರ್ಷಕ್ಕೊಮ್ಮೆ ಎಣಿಕೆ ಮಾಡಿ, ಒಟ್ಟು ಸಂಖ್ಯೆ ಮಾತ್ರ ಕೊಡಿ. ಐದಕ್ಕಿಂತ ಕಡಿಮೆ ಬಂದ ಗುಂಪನ್ನು ‘ಇತರೆ’ಯಲ್ಲಿ ಸೇರಿಸಿ. ‘ಆ ದೇಶದ ಹುಡುಗಿ, 1’ ಅಂತ ಬರೆದರೆ ಹೆಸರು ಬರೆದಂತೆಯೇ ಲೆಕ್ಕ, ಊರಿಗೆಲ್ಲ ಗೊತ್ತಾಗುತ್ತದೆ. ವರದಿಗೆ ಫೋಟೊ ಬೇಕೆಂದರೆ ಕೈಗಳು, ಚಿತ್ರಗಳು, ಪುಸ್ತಕಗಳ ಫೋಟೊ ಕೊಡಿ. ಮುಖ, ಶಾಲೆಯ ಲೋಗೊ, ಕಿಟಕಿಯಾಚೆಯ ಬೋರ್ಡು ಬೇಡ. ಫೋನಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಸೆಟ್ಟಿಂಗ್ ಆಫ್ ಇರಲಿ.

ಹೊಸ್ತಿಲು

ನಿಲ್ಲಿಸಬೇಡಿ. ನಾಳೆ ಏನಾಗುತ್ತದೋ ಗೊತ್ತಿಲ್ಲದ ಮಗುವಿಗೆ ‘ಮಂಗಳವಾರ ಐದಕ್ಕೆ ಆ ಬಾಗಿಲು ತೆರೆದಿರುತ್ತದೆ’ ಅನ್ನುವುದೇ ಅರ್ಧ ಆಸರೆ. ಮೂವರು ಬಂದರೂ ನಡೆಸಿ. ಎರಡು ಸಂಜೆ ಕಷ್ಟವಾದರೆ ಒಂದಕ್ಕೆ ಇಳಿಸಿ, ಆದರೆ ಆ ಒಂದು ತಪ್ಪಬಾರದು. ವಾರ ಬಿಟ್ಟು ವಾರ, ಅಥವಾ ‘ಮೆಸೇಜ್ ಹಾಕುತ್ತೇವೆ’ ಅನ್ನುವ ವ್ಯವಸ್ಥೆ ಎಲ್ಲಕ್ಕಿಂತ ಕೆಟ್ಟದ್ದು.

ಬಾರದ 27 ಮಂದಿಯನ್ನು ಒಂದೇ ಕಾರಣದವರೆಂದು ಎಣಿಸಬೇಡಿ. ಕೆಲವರಿಗೆ ದಾರಿಯ ಭಯ. ಕೆಲವರ ಅಪ್ಪ ಅಮ್ಮ ಕೆಲಸದ ಹೊತ್ತು ಬದಲಿಸಿಕೊಂಡಿದ್ದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಇವರ ಪಾಲಿಗೆ ಬಂದಿರುತ್ತದೆ. ಕೆಲವರು ಸಂಪಾದನೆಗೆ ಇಳಿದಿರುತ್ತಾರೆ, ಕೆಲವರು ಊರನ್ನೇ ಬಿಟ್ಟಿರುತ್ತಾರೆ. ಮಗುವಿಗೆ ಪರಿಚಯವಿರುವ ಒಬ್ಬರೇ ಫೋನ್ ಮಾಡಲಿ. ‘ಯಾಕೆ ಬರಲಿಲ್ಲ’ ಅಂತ ಕೇಳಿದರೆ ವಿಚಾರಣೆಯಂತೆ ಕೇಳಿಸುತ್ತದೆ. ‘ನಿನ್ನ ಜಾಗ ಹಾಗೇ ಇದೆ. ಬರಲು ಯಾವ ಹೊತ್ತು ಅನುಕೂಲ? ದಾರಿಗೆ ಯಾರಾದರೂ ಜೊತೆ ಬೇಕಾ?’ ಇಷ್ಟು ಸಾಕು. ಉತ್ತರ ಬರದಿದ್ದರೆ ವಾರ ಬಿಟ್ಟು ಇನ್ನೊಮ್ಮೆ, ಆಮೇಲೆ ತಿಂಗಳಿಗೊಮ್ಮೆ.

ದಾರಿಯ ಭಯಕ್ಕೆ ಉಪದೇಶ ನಾಟುವುದಿಲ್ಲ, ಜೊತೆ ಬೇಕು. ಒಂದೇ ಕಡೆಯಿಂದ ಬರುವ ನಾಲ್ಕೈದು ಮಕ್ಕಳಿಗೆ ಇಬ್ಬರು ದೊಡ್ಡವರು, ನಿಗದಿತ ಜಾಗ, ನಿಗದಿತ ಹೊತ್ತು. ಕತ್ತಲಾಗುವ ಮುಂಚೆ ಮನೆ ಸೇರುವಂತೆ ಶುರುವನ್ನೇ ಬೇಗ ಮಾಡಿ.

ಆನ್‌ಲೈನ್‌ಗೆ ಪೂರ್ತಿ ಹೋಗುವುದಕ್ಕೆ ನನ್ನ ವಿರೋಧವಿದೆ. ನಾಲ್ವರಿಗೆ ಒಂದೇ ಫೋನ್, ಒಂದೇ ಕೋಣೆ, ಹಿಂದೆ ಅಪ್ಪನ ಮಾತು. ಹೀಗಿರುವಾಗ ಮಗು ಬಾಯಿ ಬಿಡುವುದಿಲ್ಲ. ಬರಲಾಗದವರಿಗೆ ಮಾತ್ರ, 30 ನಿಮಿಷ, ಕ್ಯಾಮೆರಾ ಕಡ್ಡಾಯವಿಲ್ಲ, ರೆಕಾರ್ಡಿಂಗ್ ಇಲ್ಲವೇ ಇಲ್ಲ.

ಬಾಗಿಲ ಪಕ್ಕದ ಕುರ್ಚಿಯ ಬಗ್ಗೆ ಒಂದು ಮಾತು. ಅಲ್ಲಿಂದ ಎಬ್ಬಿಸಬೇಡಿ. ಹೊರಗಿನ ದಾರಿ ಕಾಣುವ ಜಾಗದಲ್ಲಿ ಕೂತರೆ ಅವರಿಗೆ ಧೈರ್ಯ. ಅಂಥ ಕುರ್ಚಿ ಎರಡರ ಬದಲು ಆರು ಹಾಕಿ, ಕೆಲಸವನ್ನೇ ಅಲ್ಲಿಗೆ ಒಯ್ಯಿರಿ. ಮೊದಲ ಹತ್ತು ನಿಮಿಷ ಪ್ರತಿ ಸಲವೂ ಒಂದೇ, ಮಾತಿಲ್ಲದ ಕೆಲಸವಿರಲಿ: ಅರ್ಧ ಮುಗಿದ ಜಿಗ್ಸಾ, ಪೆನ್ಸಿಲ್ ಚೂಪು ಮಾಡುವುದು, ಚೆಸ್ ಬೋರ್ಡು ಜೋಡಿಸುವುದು. ತಡವಾಗಿ ಬಂದವರೂ ಯಾರ ಕಣ್ಣಿಗೂ ಬೀಳದೆ ಸೇರಿಕೊಳ್ಳಬಹುದು. ‘ನಿಮ್ಮ ಮನೆಯ ಚಿತ್ರ ಬರೆಯಿರಿ’, ‘ವಂಶವೃಕ್ಷ ಮಾಡಿ’, ‘ನಿಮ್ಮ ಪ್ರಯಾಣದ ಕಥೆ ಹೇಳಿ’ ಇವು ಮೂರೂ ಬೇಡ. ಒಳ್ಳೆಯ ಮನಸ್ಸಿನಿಂದಲೇ ಮಾಡಿಸುತ್ತಾರೆ, ಆದರೆ ಮನೆಯೇ ಉಳಿದಿಲ್ಲದ ಮಗುವಿಗೆ ಅದು ಪರೀಕ್ಷೆ.

ಎರಡುನಾಲಿಗೆ

ಭಾಷೆಯ ಕಡೆಯಿಂದ ಎರಡು ವಿಷಯ.

ಮೊದಲನೆಯದು ಕಲಿಕೆ. ಸರಾಗವಾಗಿ ಹರಟುವ ಹುಡುಗ ವಿಜ್ಞಾನದಲ್ಲಿ ಫೇಲಾದರೆ ‘ಸೋಮಾರಿ’ ಅನ್ನುತ್ತಾರೆ. ಆಡುಮಾತು ಬರಲು ಸಾಮಾನ್ಯವಾಗಿ ಎರಡು ವರ್ಷ ಸಾಕು, ಪಾಠದ ಭಾಷೆ ಹಿಡಿತಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ಈ ಎರಡರ ವ್ಯತ್ಯಾಸವನ್ನು 1979ರಲ್ಲೇ ಗುರುತಿಸಿದ್ದರು. ಹಾಗಾಗಿ ಹೋಂವರ್ಕ್ ಹೊತ್ತಿನಲ್ಲಿ ಉತ್ತರ ಹೇಳಿಕೊಡುವ ಮೊದಲು ಪ್ರಶ್ನೆಯ ಕ್ರಿಯಾಪದ ಬಿಡಿಸಿ: ‘ವಿವರಿಸಿ’, ‘ಹೋಲಿಸಿ’, ‘ಸಮರ್ಥಿಸಿ’ ಅಂದರೆ ಎಷ್ಟು ಬರೆಯಬೇಕು, ಯಾವ ಆಕಾರದಲ್ಲಿ ಬರೆಯಬೇಕು. ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಮನೆಮಾತಿನಲ್ಲಿ ಯೋಚಿಸಿ, ಟಿಪ್ಪಣಿ ಮಾಡಿಕೊಳ್ಳಲು ಬಿಡಿ. ‘ಇಲ್ಲಿ ಆ ಭಾಷೆ ಆಡಬೇಡಿ’ ಎಂಬ ನಿಯಮವಿದ್ದರೆ ಮೊದಲು ಅದನ್ನು ತೆಗೆಯಿರಿ.

ಎರಡನೆಯದು ದುಭಾಷಿ. ಪೋಷಕರ ಜೊತೆ ಮಾತಾಡಲು ಮಗುವನ್ನೇ ದುಭಾಷಿ ಮಾಡಬೇಡಿ. ಬಾಡಿಗೆ, ಕಾಯಿಲೆ, ವಲಸೆ ಪತ್ರ, ಇವು ಮಗುವಿನ ಬಾಯಿಂದ ಹಾದುಹೋಗಬಾರದು. ಮಗು ಅರ್ಧ ಬಚ್ಚಿಡುತ್ತದೆ, ಉಳಿದರ್ಧವನ್ನು ರಾತ್ರಿಯೆಲ್ಲ ಹೊತ್ತುಕೊಳ್ಳುತ್ತದೆ. ದುಭಾಷಿ ಗೊತ್ತುಮಾಡುವಾಗ ಭಾಷೆಯ ಹೆಸರು ಹೊಂದಿದರೆ ಸಾಲದು. ಉಪಭಾಷೆ ಯಾವುದು, ಹೆಂಗಸೋ ಗಂಡಸೋ ಎಂದು ಮನೆಯವರನ್ನೇ ಕೇಳಿ. ಯುದ್ಧದಲ್ಲಿ ಎದುರು ಪಾಳಯದಲ್ಲಿದ್ದ ಸಮುದಾಯದವರು ಬಂದು ಕೂತರೆ ಆ ಮನೆಯವರು ಮುಗುಳ್ನಕ್ಕು ಸುಮ್ಮನೆ ಎದ್ದು ಹೋಗುತ್ತಾರೆ, ನಿಮಗೆ ಕಾರಣವೂ ತಿಳಿಯುವುದಿಲ್ಲ. ಸಮುದಾಯ ತೀರಾ ಚಿಕ್ಕದಿದ್ದರೆ ದೂರದ ಊರಿನ ದುಭಾಷಿಯನ್ನು ಫೋನಿನಲ್ಲಿ ಹಿಡಿಯಿರಿ, ಗುಟ್ಟು ಉಳಿಯುತ್ತದೆ.

ಕೂರುವುದು ತ್ರಿಕೋನವಾಗಿ. ನಿಮ್ಮ ಕಣ್ಣು ತಾಯಿಯ ಮೇಲಿರಲಿ, ದುಭಾಷಿಯ ಮೇಲಲ್ಲ. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ. ಅರ್ಧ ಗಂಟೆಯ ಮಾತಿಗೆ ಒಂದು ಗಂಟೆ ಇಟ್ಟುಕೊಳ್ಳಿ.

ತಿಳಿನೀರು

ಕೌನ್ಸೆಲರ್ ಪ್ರಶ್ನೆಗೆ ಚುಟುಕಾಗಿ. ಗುಂಪಿನಲ್ಲಿ ಕೂರಿಸಿ ಒಂದೇ ಸಲಕ್ಕೆ ಭಯವನ್ನು ಹೊರಹಾಕಿಸುವುದು ಬೇಡ. ಆಘಾತ ಆದವರಿಂದ ಒಂದೇ ಕೂಟದಲ್ಲಿ ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಬದಲು ಆ ಸಂಸ್ಥೆ ಮತ್ತು ಜೊತೆಗಾರ ಸಂಸ್ಥೆಗಳು 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯನ್ನು ಸ್ವಯಂಸೇವಕರೆಲ್ಲ ಓದಲಿ. ಅದರ ಸೂತ್ರ ಮೂರೇ: ನೋಡು, ಕೇಳಿಸಿಕೊ, ಬೇಕಾದ ನೆರವಿನ ಜೊತೆ ಜೋಡಿಸು. 10ರಿಂದ 15 ವರ್ಷದವರಿಗೆ, ಭಾವನೆಗಳನ್ನು ನಿಭಾಯಿಸಲು ಕಲಿಸುವ ‘ಈಸ್’ (EASE) ಎಂಬ ಗುಂಪು ಕಾರ್ಯಕ್ರಮವೂ ಇದೆ, ಮಕ್ಕಳಿಗೆ ಏಳು ಕೂಟ, ಪೋಷಕರಿಗೆ ಮೂರು. ತರಬೇತಿ ಪಡೆದ, ಮೇಲ್ವಿಚಾರಣೆ ಇರುವ ಸಾಮಾನ್ಯ ಕಾರ್ಯಕರ್ತರೂ ನಡೆಸಬಹುದು.

ಯಾರನ್ನು ಮಾನಸಿಕ ತಜ್ಞರ ಬಳಿ ಕಳಿಸಬೇಕು? ಎರಡು ವಾರ ಮೀರಿ ನಿದ್ದೆ ಕೆಟ್ಟವರು, ಊಟ ಬಿಟ್ಟವರು, ಗೆಳೆಯರಿಂದಲೂ ದೂರವಾದವರು. ಸಾಯುವ ಮಾತು ಆಡಿದರೆ ಎರಡು ವಾರ ಕಾಯುವಂತಿಲ್ಲ, ಅವತ್ತೇ. ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಮಾತ್ರ ಕೊಡಬೇಡಿ.

ಮೆಂಟರ್‌ಗಳನ್ನು (ಒಂದು ಮಗುವಿಗೆ ಜೊತೆಯಾಗಿ ನಿಲ್ಲುವ ದೊಡ್ಡವರು) ಹಾಕುವುದಾದರೆ ಕನಿಷ್ಠ ಒಂದು ವರ್ಷ ಇರುವವರನ್ನೇ ಆರಿಸಿ. ಮೂರು ತಿಂಗಳೊಳಗೆ ಕೈಬಿಟ್ಟರೆ ಮಗುವಿನ ಆತ್ಮವಿಶ್ವಾಸ ಮೊದಲಿಗಿಂತ ಕುಸಿಯುತ್ತದೆ. ಈಗಾಗಲೇ ಬಹಳ ಜನರನ್ನು ಕಳೆದುಕೊಂಡ ಮಕ್ಕಳು ಇವರು.

ಕಾನೂನುಕಟ್ಟೆ

ಅರ್ಜಿ ತುಂಬಿಕೊಡುವ ವಿಷಯ: ಬೇಡವೇ ಬೇಡ. ಒಂದು ದಿನಾಂಕ ಅಥವಾ ‘ಹೌದು/ಇಲ್ಲ’ ಚೌಕ ತಪ್ಪಾದರೆ ಆ ತಪ್ಪು ಕುಟುಂಬದ ಕಡತದಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಮುಂದೆ ಸುಳ್ಳು ಹೇಳಿದ್ದರೆಂದು ಅದನ್ನೇ ಎತ್ತಿ ತೋರಿಸುತ್ತಾರೆ. ಅನೇಕ ದೇಶಗಳಲ್ಲಿ ಪರವಾನಗಿ ಇಲ್ಲದೆ ವಲಸೆ ಸಲಹೆ ಕೊಡುವುದು ಕಾನೂನುಬಾಹಿರ ಕೂಡ. ಸ್ವಯಂಸೇವಕರಿಗೆ ಒಂದೇ ವಾಕ್ಯ ಕಲಿಸಿ: ‘ಇದು ವಕೀಲರು ನೋಡಬೇಕಾದ್ದು, ಫೋನ್ ನಂಬರ್ ಇಲ್ಲಿದೆ.’ ತಿಂಗಳಿಗೊಮ್ಮೆ ಪರವಾನಗಿ ಇರುವ ವಕೀಲರನ್ನು ಕರೆಸಿ, ಮುಚ್ಚಿದ ಕೋಣೆಯಲ್ಲಿ ಒಂದೊಂದು ಮನೆಗೆ ಅರ್ಧ ಗಂಟೆ ಕೊಡಿಸಿ. ‘ಗ್ಯಾರಂಟಿ’ ಅನ್ನುವ, ಖಾಲಿ ಹಾಳೆಗೆ ಸಹಿ ಕೇಳುವ, ಮೂಲ ದಾಖಲೆ ಇಟ್ಟುಕೊಳ್ಳುವ ಏಜೆಂಟರ ಬಗ್ಗೆ ಇಂಥ ದಿನಗಳಲ್ಲಿ ಪದೇಪದೇ ಎಚ್ಚರಿಸಿ.

17 ದಾಟಿದವರ ಪಟ್ಟಿಯನ್ನು ಬೇರೆ ಇಡಿ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಮಗು ಎಂದರೆ 18ರ ಒಳಗಿನವರು. ಅದರ 22ನೇ ವಿಧಿ ನಿರಾಶ್ರಿತ ಮಕ್ಕಳಿಗೆ ಕೊಡುವ ರಕ್ಷಣೆಯೂ ಆ ಗೆರೆಯವರೆಗೆ. ಹುಟ್ಟುಹಬ್ಬದ ಮರುದಿನ ವಸತಿ, ಪೋಷಕತ್ವ, ಕೆಲವು ಅರ್ಜಿಗಳ ಗಡುವು ಒಟ್ಟಿಗೇ ಬದಲಾಗಬಹುದು. ಹೆತ್ತವರಿಲ್ಲದೆ ಒಂಟಿಯಾಗಿ ಬಂದವರಿಗೆ ಇದರ ಪೆಟ್ಟು ಹೆಚ್ಚು. ಆರು ತಿಂಗಳ ಮೊದಲೇ ವಕೀಲರ ಭೇಟಿ ಆಗಿರಬೇಕು.

ಪ್ರತಿ ಮನೆಗೂ ಒಂದು ಹಾಳೆಯ ತುರ್ತು ಯೋಜನೆ ಮಾಡಿಸಿ: ಅಪ್ಪ ಅಮ್ಮ ಸಂಜೆ ಮನೆಗೆ ಬಾರದಿದ್ದರೆ ಮಕ್ಕಳನ್ನು ಯಾರು ಕರೆದುಕೊಳ್ಳುತ್ತಾರೆ, ಅವರಿಗೆ ಅದಕ್ಕೆ ಬೇಕಾದ ಅಧಿಕಾರ ಪತ್ರ ಇದೆಯೇ, ಔಷಧಿ ಯಾವುದು, ವಕೀಲರು ಯಾರು. ಆ ಹಾಳೆ ಇರುವುದು ಅವರ ಮನೆಯಲ್ಲಿ, ನಿಮ್ಮ ಕಪಾಟಿನಲ್ಲಲ್ಲ. ಮಗುವಿಗೆ ಎರಡು ಫೋನ್ ನಂಬರ್ ಬಾಯಿಪಾಠವಾಗಲಿ. ಫೋನ್ ಕೈಯಲ್ಲಿಲ್ಲದಾಗ ಕಾಂಟ್ಯಾಕ್ಟ್ ಪಟ್ಟಿಯಿಂದ ಪ್ರಯೋಜನವಿಲ್ಲ.

ಗಾಳಿಸುದ್ದಿಗೆ ಒಬ್ಬರನ್ನು ನೇಮಿಸಿ. ಯಾರು ಹೇಳಿದ್ದು, ಯಾವತ್ತಿನದು, ಆದೇಶವೋ ಪ್ರಸ್ತಾವವೋ, ಯಾರಿಗೆ ಅನ್ವಯ ಎಂದು ಮೂಲದಲ್ಲೇ ನೋಡಿ, 24 ಗಂಟೆಯೊಳಗೆ ಮನೆಮಾತಿನಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಲಿ. ಓದುಬರಹ ಬಾರದ ಪೋಷಕರಿಗೂ ತಲುಪುತ್ತದೆ. ಸದಸ್ಯರ ನಂಬರು ಒಬ್ಬರಿಗೊಬ್ಬರಿಗೆ ಕಾಣುವ ಗ್ರೂಪ್ ಬೇಡ, ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ. ಅದರ ಮೆಸೇಜ್ ಬರಬೇಕಾದರೆ ಪೋಷಕರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು, ಅದನ್ನು ಮೊದಲೇ ಮಾಡಿಸಿ.

ಸಂಜೆಪಾಠ

ಇವತ್ತು ಹಳೆಯ ಫೈಲ್ ತೆಗೆಯುವ ಕೆಲಸ ಶುರು. ಕೊನೆಯದೊಂದು: 17, 18ರ ಹಿರಿಯರಿಗೆ ಚಿಕ್ಕವರನ್ನು ಕರೆತರುವ ಕೆಲಸ ಕೊಟ್ಟು, ಸ್ವಲ್ಪ ಹಣ ಕೊಡೋಣ ಎಂಬ ಯೋಚನೆ ಇದೆ. ಸರಿಯೇ?

ಕಾನೂನುಕಟ್ಟೆ

ಯೋಚನೆ ಒಳ್ಳೆಯದು, ಹಣದಲ್ಲಿ ಮಾತ್ರ ಜೋಪಾನ. ಆಶ್ರಯ ಕೋರಿದವರಿಗೆ ಅನೇಕ ಕಡೆ ಕೆಲಸದ ಅನುಮತಿ ಇರುವುದಿಲ್ಲ. ನೀವು ಕೊಡುವ ಗೌರವಧನ, ಗಿಫ್ಟ್ ಕಾರ್ಡ್ ಕೂಡ ಸಂಬಳ ಎಂದೇ ಲೆಕ್ಕವಾಗಿ ಅವರ ಅರ್ಜಿಗೆ ಮುಳುವಾಗಬಹುದು. ಯಾರಿಗೆ ಅನುಮತಿ ಇದೆ ಎಂದು ಕೇಳುತ್ತಾ ಹೋದರೆ ವಲಸೆ ಸ್ಥಿತಿ ಕೇಳಿದಂತಾಗುತ್ತದೆ. ಪ್ರಯಾಣದ ಖರ್ಚು, ತರಬೇತಿಯ ಸರ್ಟಿಫಿಕೇಟು, ಶಾಲೆಗೋ ಕಾಲೇಜಿಗೋ ಒಂದು ಶಿಫಾರಸು ಪತ್ರ, ಇವನ್ನು ಎಲ್ಲರಿಗೂ ಒಂದೇ ರೀತಿ ಕೊಡಿ. ಪ್ರಯಾಣದ ಖರ್ಚನ್ನು ಕೂಡ ವಕೀಲರ ಬಳಿ ಒಮ್ಮೆ ಕೇಳಿಯೇ ಶುರು ಮಾಡಿ.

ಹೊಸ್ತಿಲು

ಇದಕ್ಕೊಂದು ಸೇರಿಸುತ್ತೇನೆ. ಹಿರಿಯರಿಗೆ ಚಿಕ್ಕವರ ಹೊಣೆಯನ್ನು ಒಂಟಿಯಾಗಿ ಹೊರಿಸಬೇಡಿ. ಗುಂಪಿನ ಜೊತೆ ಇರಬೇಕಾದ ಇಬ್ಬರು ದೊಡ್ಡವರ ಲೆಕ್ಕದಲ್ಲಿ ಅವರು ಬರುವುದಿಲ್ಲ. ಮನೆಯಲ್ಲಿ ಆ ಭಾರ ಈಗಾಗಲೇ ಅವರ ಮೇಲಿರುತ್ತದೆ. ವಾರದ ಎರಡು ಸಂಜೆಗಳಲ್ಲಿ ಒಂದಾದರೂ ಅವರು ಬರೀ ಚೆಸ್ ಆಡಲಿ.