‘ಬ್ಲಡಿ’ ಎಲ್ಲಿ ಹಾಕಬೇಕು, ಎಲ್ಲಿ ನುಂಗಿಕೊಳ್ಳಬೇಕು?

ಹೊಸ ನರ್ಸ್: ಮುಂದಿನ ತಿಂಗಳು ಇಂಗ್ಲೆಂಡಿನ ಲೀಡ್ಸ್‌ನ ಆಸ್ಪತ್ರೆಗೆ ಕೆಲಸಕ್ಕೆ ಹೊರಟಿದ್ದೇನೆ. ಅಲ್ಲಿ ಮಾತುಮಾತಿಗೆ ‘ಬ್ಲಡಿ’ ಅಂತಾರಂತೆ. ನಮ್ಮ ಕಡೆ ಅದು ಸಿನಿಮಾ ವಿಲನ್ ಬೈಗುಳ. ಜೊತೆ ಕೆಲಸದವರ ಹತ್ತಿರ ತಪ್ಪಿಲ್ಲದೆ ಬಳಸೋದು ಹೇಗೆ? ಗೊತ್ತಿರೋರು ಹೇಳಿ.

ಯಾರ್ಕ್‌ಷೈರ್ ಅಕ್ಕ: ತಂಗಿ, ಮೊದಲು ‘ಬ್ಲಡಿ ಫೂಲ್’, ‘ಬ್ಲಡಿ ರಾಸ್ಕಲ್’ ಎರಡನ್ನೂ ತಲೆಯಿಂದ ಕಿತ್ತು ಹಾಕು. ನಮ್ಮಲ್ಲಿ ಈ ಪದದ ಮುಂದೆ ಮನುಷ್ಯ ನಿಂತಿರ್ತಾನೆ. ಅಲ್ಲಿ ಹೆಚ್ಚಾಗಿ ಗುಣ, ಇಲ್ಲವೇ ವಸ್ತು. ‘ಇಟ್ಸ್ ಬ್ಲಡಿ ಕೋಲ್ಡ್’, ‘ಬ್ಲಡಿ ಗುಡ್ ಟೀ’, ‘ದ ಬ್ಲಡಿ ಪ್ರಿಂಟರ್’. ಪ್ರಿಂಟರಿಗೆ ಬೈದರೆ ಪಕ್ಕದವರೂ ದನಿಗೂಡಿಸ್ತಾರೆ. ‘ಯೂ ಬ್ಲಡಿ’ ಅಂತ ಶುರು ಮಾಡಿದೆಯೋ, ಹೆಚ್ಚಾಗಿ ಅದು ಬೈಗುಳವೇ. ದೇಶದ ಹೆಸರೋ ಧರ್ಮದ ಹೆಸರೋ ಬಂದರಂತೂ ಅದು ದ್ವೇಷದ ಮಾತು.

ನರ್ಸ್‌ಗಳಿಗೇ ಅಂತ ಎಡವಿ ಬೀಳೋ ಒಂದು ಗುಂಡಿ ಇದೆ. ‘ದ ಡ್ರೆಸಿಂಗ್ ಈಸ್ ಬ್ಲಡಿ’ ಅಂದರೆ ಗಾಯದ ಪಟ್ಟಿ ರಕ್ತವಾಗಿದೆ ಅಂತ. ವಾಕ್ಯದ ಕೊನೆಗೆ ಒಂಟಿಯಾಗಿ ನಿಂತಾಗ ಈ ಪದಕ್ಕೆ ‘ಭಾರಿ’, ‘ಹಾಳಾದ’ ಅನ್ನೋ ಒತ್ತಿನ ಅರ್ಥವೇ ಇಲ್ಲ. ‘ಬ್ಲಡಿ ಡ್ರೆಸಿಂಗ್’ ಅಂದರೆ ರಕ್ತದ್ದೋ ಹಾಳಾದ್ದೋ, ಕೇಳಿದವರೇ ಊಹಿಸಬೇಕು. ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ‘ಬ್ಲಡ್‌ಸ್ಟೇನ್ಡ್’ ಅನ್ನು, ಬರವಣಿಗೆಯಲ್ಲೂ ಅದೇ.

ಉಚ್ಚಾರ: ಲೀಡ್ಸ್‌ನಲ್ಲಿ ‘ಬ್ಲುಡಿ’ ಅಂತ ಕಿವಿಗೆ ಬೀಳುತ್ತೆ, ‘ಪುಟ್’ನಲ್ಲಿರೋ ಉಕಾರ. ಅದನ್ನ ಅನುಕರಿಸಬೇಡ, ಅಣಕಿಸಿದ ಹಾಗಾಗುತ್ತೆ. ನಮ್ಮ ಚಾಳಿಯಂತೆ ಡ ಒತ್ತಿ ‘ಬ್ಲಡ್ಡಿ’ ಅಂದರೆ ನಗ್ತಾ ಹೇಳಿದರೂ ಸಿಟ್ಟಿನ ಹಾಗೆ ಕೇಳುತ್ತೆ. ಭಾರ ಮುಂದಿನ ಪದದ ಮೇಲೆ ಬೀಳಲಿ: ಬ್ಲಡಿ ಕೋಲ್ಡ್.

ವ್ಯಾಕರಣ ಮೇಷ್ಟ್ರು: ಉಚ್ಚಾರ ಆಮೇಲಾಯ್ತು, ಜಾಗ ತಪ್ಪಿದರೆ ಎಲ್ಲ ತಪ್ಪು. ‘ಬ್ಲಡಿ ಮೈ ಫೋನ್’ ಅನ್ನುವ ಕನ್ನಡದವರು ಎಷ್ಟು ಜನ! ಮೈ, ದ, ದಿಸ್ ಮೊದಲು, ಬ್ಲಡಿ ಆಮೇಲೆ: ‘ಮೈ ಬ್ಲಡಿ ಫೋನ್’. ಸಂಖ್ಯೆ ಇದ್ದರೆ ಅದರ ಬೆನ್ನಿಗೆ: ‘ತ್ರೀ ಬ್ಲಡಿ ಅವರ್ಸ್’. ‘ಎ ಬ್ಲಡಿ ಬಿಗ್ ಕಾರ್’ ಅಂದರೆ ಕಾರು ಭಾರಿ ದೊಡ್ಡದು. ‘ಎ ಬಿಗ್ ಬ್ಲಡಿ ಕಾರ್’ ಅಂದರೆ ಆ ಕಾರಿನ ಮೇಲೇ ಸಿಡುಕು. ಕ್ರಿಯಾಪದದ ಮುಂದೆ ಬರಿದೇ ನಿಲ್ಲುತ್ತದೆ, ‘ವೆಲ್’ ಕಟ್ಟಿಕೊಂಡೂ ಬರುತ್ತದೆ: ‘ಹಿ ಬ್ಲಡಿ ವೆಲ್ ನೋಸ್’. ಒಂದು ಲಾಭವೂ ಉಂಟು. ‘ವೆರಿ ಫ್ರೀಜಿಂಗ್’ ತಪ್ಪು, ‘ಬ್ಲಡಿ ಫ್ರೀಜಿಂಗ್’ ಸರಿ.

ಪದ ಸೀಳಿ ಒಳಗೆ ತೂರಿಸುವುದಾದರೆ ಒತ್ತು ಬೀಳುವ ಅಕ್ಷರದ ಮುಂದೆಯೇ: ‘ಆಬ್ಸೊ-ಬ್ಲಡಿ-ಲ್ಯೂಟ್ಲಿ’, ‘ಫ್ಯಾನ್-ಬ್ಲಡಿ-ಟ್ಯಾಸ್ಟಿಕ್’. ಒತ್ತು ಮೊದಲ ಅಕ್ಷರದಲ್ಲೇ ಇರುವ ‘ಹ್ಯಾಪಿ’ಯನ್ನು ಸೀಳಲಾಗದು. ‘ಅನ್-ಬ್ಲಡಿ-ಬಿಲೀವಬಲ್’ ಮಾತ್ರ ಉಪಸರ್ಗದ ಗಂಟಿನಲ್ಲಿ ಬಿಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ಹೇಳಿ ನನ್ನ ಸಲಹೆ: ಅರ್ಥ ಮಾಡಿಕೊಳ್ಳಿ, ಬಳಸಲೇ ಬೇಡಿ.

ಮೆಲ್ಬರ್ನ್ ಮಾವ: ಈಜು ಪೂರ್ತಿ ಕಲಿಸಿ ನೀರಿಗಿಳಿಯಬೇಡ ಅಂದ ಹಾಗಾಯ್ತು ಮೇಷ್ಟ್ರೇ! ಇಲ್ಲಿ ವಿಕ್ಟೋರಿಯಾದ ರಸ್ತೆ ಅಪಘಾತಗಳನ್ನ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಟಿಎಸಿ 1989ರಲ್ಲೇ ಜಾಹೀರಾತಲ್ಲಿ ಹೇಳಿತ್ತು: ಕುಡಿದು ಗಾಡಿ ಓಡಿಸಿದರೆ ನೀನು ‘ಬ್ಲಡಿ ಈಡಿಯಟ್’. ಸರ್ಕಾರ ಟೀವಿಯಲ್ಲಿ ಹೇಳಿದ ಪದಕ್ಕೆ ನಿಮ್ಮ ಮಡಿ ಯಾಕೆ?

ಯಾರ್ಕ್‌ಷೈರ್ ಅಕ್ಕ: ಮಾವ, ಹುಡುಗಿ ಹೋಗ್ತಿರೋದು ಲೀಡ್ಸ್‌ಗೆ. 2006ರಲ್ಲಿ ನಿಮ್ಮ ಪ್ರವಾಸೋದ್ಯಮದವರು ‘ವೇರ್ ದ ಬ್ಲಡಿ ಹೆಲ್ ಆರ್ ಯೂ’ ಅಂತ ಜಾಹೀರಾತು ಮಾಡಿದಾಗ ಇದೇ ಬ್ರಿಟನ್‌ನ ಟೀವಿಯಲ್ಲಿ ಆ ಪದಕ್ಕೆ ತಡೆ ಬಿದ್ದಿತ್ತು. ನಿಮ್ಮೂರ ಅಳತೆ ಇಲ್ಲಿ ತರಬೇಡಿ.

ಮೆಲ್ಬರ್ನ್ ಮಾವ: ಆಮೇಲೆ ತಡೆ ತೆಗೆದದ್ದನ್ನೂ ಹೇಳಮ್ಮ. ಅರ್ಧ ಹೇಳೋದು ಯಾವ ನ್ಯಾಯ? ಬ್ರಿಟನ್ನಿನ ಟೀವಿ, ರೇಡಿಯೊ ಮೇಲೆ ಕಣ್ಣಿಡೋ ಸಂಸ್ಥೆ ಆಫ್‌ಕಾಮ್ ಕೂಡ ಇದನ್ನ ಸೌಮ್ಯ ಪದಗಳ ಪಟ್ಟಿಯಲ್ಲೇ ಇಟ್ಟಿದೆ.

ವ್ಯಾಕರಣ ಮೇಷ್ಟ್ರು: ಟೀವಿಯ ಸೌಮ್ಯ ಬೇರೆ, ಪ್ರೊಬೇಷನ್‌ನಲ್ಲಿ ಇರುವವರ ಬಾಯಿಯ ಸೌಮ್ಯ ಬೇರೆ. ಮೇಲಧಿಕಾರಿಗಳು ಅಂದರೆ ತಮಾಷೆ, ಹೊಸಬರು ಅಂದರೆ ಅಹಂಕಾರ. ರೋಗಿಯ ಮುಂದೆ, ಅವರ ಮನೆಯವರ ಮುಂದೆ, ಇಮೇಲ್‌ನಲ್ಲಿ, ಫೋನಿನಲ್ಲಿ, ನಾಲ್ಕೂ ಕಡೆ ನಿಷಿದ್ಧ. ಫೋನಿನಲ್ಲಿ ಮುಖ ಕಾಣದು, ನಗು ದಾಟದು. ಇದು ‘ಬೈ ಅವರ್ ಲೇಡಿ’ ಎಂಬ ಮೇರಿ ಮಾತೆಯ ಆಣೆಯಿಂದ ಸವೆದು ಬಂದ ಪದ, ಭಕ್ತರಿಗೆ ನೋವಾಗುತ್ತದೆ.

ಹುಬ್ಬಳ್ಳಿ ಹುಡುಗ: ಸರ, ಇಷ್ಟೊತ್ತು ಛಲೋ ಹೇಳಿ ಕಡೀಕ ಕಟ್ಟುಕತಿ ಹೇಳಿದ್ರಲ್ರೀ! ಆಣಿ ಮಾತು ಗುಣವಾಚಕದ ಮುಂದ ಹೆಂಗ ಕೂಡತೈತ್ರೀ? 17ನೇ ಶತಮಾನದಾಗ ‘ಬ್ಲಡಿ ಡ್ರಂಕ್’ ಅಂತಿದ್ರು. ಅಲ್ಲಿ ‘ಬೈ ಅವರ್ ಲೇಡಿ ಡ್ರಂಕ್’ ಅಂತ ಇಟ್ಟು ನೋಡ್ರಿ, ವಾಕ್ಯನ ನಿಲ್ಲಂಗಿಲ್ಲ. ಆಕ್ಸ್‌ಫರ್ಡ್ ನಿಘಂಟಿನವರೂ ಈ ಕತಿ ಒಪ್ಪಂಗಿಲ್ಲ. ಪದ ಕೆಟ್ಟದ್ದು ಅನಿಸಿಕೊಂಡಿದ್ದು ಆಮ್ಯಾಲ. 1914ರಾಗ ಲಂಡನ್ ರಂಗದ ಮ್ಯಾಲ ಬರ್ನಾರ್ಡ್ ಷಾ ಬರೆದ ‘ಪಿಗ್ಮೇಲಿಯನ್’ ನಾಟಕದಾಗ ‘ನಾಟ್ ಬ್ಲಡಿ ಲೈಕ್ಲಿ’ ಅಂದದ್ದಕ್ಕ ಪತ್ರಿಕೆಯವರೆಲ್ಲ ಗದ್ದಲ ಎಬ್ಬಿಸಿದ್ರು.

ನರ್ಸ್ ಅಕ್ಕಾರ, ಸುಲಭ ದಾರಿ ಕೇಳ್ರಿ. ‘ಹಾಳಾದ ಬಸ್ಸು’ ಅನ್ನೋ ಜಾಗಕ್ಕ ಬ್ಲಡಿ ಹಾಕ್ರಿ, ಮುಗೀತು.

ಯಾರ್ಕ್‌ಷೈರ್ ಅಕ್ಕ: ಅರ್ಧ ಮಾತ್ರ ಸರಿ ತಮ್ಮ. ‘ಬ್ಲಡಿ ಬ್ರಿಲಿಯಂಟ್’ಗೆ ‘ಹಾಳಾದ ಚೆನ್ನಾಗಿದೆ’ ಅಂತೀಯಾ? ಅಲ್ಲಿ ‘ಸಖತ್’ ಬೇಕು. ಸಿಡುಕಿಗೆ ಹಾಳಾದ, ಮೆಚ್ಚುಗೆಗೆ ಸಖತ್. ಆ ಎರಡೂ ಕೆಲಸ ಇಂಗ್ಲಿಷಲ್ಲಿ ಒಂದೇ ಪದ ಮಾಡುತ್ತೆ, ತೊಡಕಿರೋದೇ ಅಲ್ಲಿ.

ಹುಬ್ಬಳ್ಳಿ ಹುಡುಗ: ಸಖತ್ ನಿಮ್ಮ ಬೆಂಗಳೂರಿನ ಪದ, ನಮ್ಮ ಕಡೆ ‘ಮಸ್ತ್’ ಅಂತೀವ್ರಿ. ಎಲ್ಲಾರೂ ಸಖತ್ ಅನಬೇಕಂತ ಯಾರು ಕಾಯ್ದೆ ಮಾಡ್ಯಾರ?

ವ್ಯಾಕರಣ ಮೇಷ್ಟ್ರು: ಎರಡೂ ಬೇಡ, ಎರಡೂ ಆಮದು ಮಾಲು. ಕನ್ನಡದ ಒತ್ತು ನೋಡಬೇಕಾದರೆ ಬಟ್ಟಬಯಲು, ತುತ್ತತುದಿ, ಕಟ್ಟಕಡೆ, ನಟ್ಟನಡು ನೋಡಿ. ಬಟ್ಟತುದಿ ಅನ್ನಲಾದೀತೇ? ಯಾವುದು ಯಾವುದಕ್ಕೆ ಅಂಟುತ್ತದೆಂದು ಪದವೇ ತೀರ್ಮಾನಿಸಿರುತ್ತದೆ. ಬ್ಲಡಿಯ ಕತೆಯೂ ಅದೇ.

ಮೆಲ್ಬರ್ನ್ ಮಾವ: ಬಟ್ಟಬಯಲಿಗೂ ಆ ಹುಡುಗಿಯ ವಾರ್ಡಿಗೂ ಏನ್ರೀ ಸಂಬಂಧ?

ಹೊಸ ನರ್ಸ್: ಮೇಷ್ಟ್ರೇ, ಅಕ್ಕಾ, ಒಂದೇ ಅನುಮಾನ. ಊಟದ ಕೋಣೆಯಲ್ಲಿ, ನಮ್ಮದೇ ದರ್ಜೆಯವರ ಮುಂದೆ, ‘ದಿಸ್ ಬ್ಲಡಿ ಮೈಕ್ರೋವೇವ್’ ಅನ್ನಬಹುದಾ?

ಯಾರ್ಕ್‌ಷೈರ್ ಅಕ್ಕ: ಅನ್ನು.

ವ್ಯಾಕರಣ ಮೇಷ್ಟ್ರು: ವ್ಯಾಕರಣ ಸರಿ ಇದೆ. ಆದರೂ ಬೇಡ.