ಅಡುಗೆ ಕಟ್ಟೆಯ ಕಲ್ಲು ಕೊಯ್ಯುವ ಧೂಳು: ನೋಡಿಕೊಳ್ಳಬೇಕಾದವರು ಯಾರು?

ಹೊಸಮನೆ_ತುಮಕೂರು: ನಮ್ಮ ಹೊಸ ಮನೆಗೆ ಗ್ರಾನೈಟ್ ಕೂರಿಸುತ್ತಿದ್ದಾರೆ. ನಿನ್ನೆ ಸಿಂಕಿಗೆ ಜಾಗ ಬಿಡಿಸಲು ಹುಡುಗನೊಬ್ಬ ಅಡುಗೆಮನೆಯಲ್ಲೇ ಕೂತು ಮಷಿನ್ನಿನಲ್ಲಿ ಕಲ್ಲು ಕೊಯ್ದ. ಹತ್ತು ನಿಮಿಷಕ್ಕೆ ಅವನ ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಯಿತು. ಮುಖಕ್ಕೆ ಬರೀ ಟವೆಲ್. ಮಾಸ್ಕ್ ತಂದುಕೊಡ್ಲಾ ಅಂದರೆ "ಅಭ್ಯಾಸ ಆಗಿದೆ ಅಕ್ಕ" ಅಂದ. ಇದು ನಾನು ನೋಡಬೇಕಾದ ವಿಷಯವಾ, ಮೇಸ್ತ್ರಿ ನೋಡಬೇಕಾದದ್ದಾ?

ಕಲ್ಲುಕೆಲಸ_ಜಿಗಣಿ: 18 ವರ್ಷದಿಂದ ಇದೇ ಕಂಟ್ರಾಕ್ಟ್ ಮಾಡುತ್ತಿದ್ದೇನೆ. ಮಾಸ್ಕ್ ಕೊಟ್ಟರೆ ಹುಡುಗರು ಅರ್ಧ ಗಂಟೆಗೆ ತೆಗೆದು ಜೇಬಿಗೆ ಹಾಕುತ್ತಾರೆ. ಸೆಕೆ, ಉಸಿರು ಕಟ್ಟುತ್ತೆ ಅಂತಾರೆ. ಕೂಲಿ ರನ್ನಿಂಗ್ ಫೀಟ್ ಲೆಕ್ಕ, ಕೆಲಸ ನಿಧಾನವಾದರೆ ನಷ್ಟ ಅವರಿಗೇ. ಧೂಳಿಲ್ಲದ ಕೆಲಸ ಯಾವುದಿದೆ ಹೇಳಿ?

ವಾರ್ಡ್_ಸಿಸ್ಟರ್: ಅಣ್ಣ, ಇದು ಮನೆ ಗುಡಿಸುವ ಧೂಳಲ್ಲ. ಗ್ರಾನೈಟಿನಲ್ಲಿ ಸಿಲಿಕಾ ಅನ್ನುವ ಖನಿಜ ಇದೆ. ಕಣ್ಣಿಗೆ ಕಾಣುವ ಪುಡಿ ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕಾಣದ ಕಣ ಶ್ವಾಸಕೋಶದ ತಳಕ್ಕೆ ಇಳಿದು ಗಾಯ ಮಾಡುತ್ತದೆ. ಗಾಯ ಮಾಗಿ ಗಟ್ಟಿ ಕಲೆ ಕಟ್ಟುತ್ತದೆ. ಅದೇ ಸಿಲಿಕೋಸಿಸ್. ಅದನ್ನು ವಾಸಿ ಮಾಡುವ ಔಷಧ ಇಲ್ಲ. ಎಷ್ಟೋ ಜನರಿಗೆ ಹತ್ತು ಹದಿನೈದು ವರ್ಷ ಗೊತ್ತೇ ಆಗುವುದಿಲ್ಲ. ಕೆಮ್ಮು, ಏದುಸಿರು ಶುರುವಾದಾಗ ಟಿಬಿ ಅಂದುಕೊಳ್ಳುತ್ತಾರೆ. ಈ ಧೂಳು ಕುಡಿದವರಿಗೆ ಟಿಬಿಯೂ ಬೇಗ ಹಿಡಿಯುತ್ತದೆ, ಹಾಗಾಗಿ ಗೊಂದಲ ಇನ್ನೂ ಜಾಸ್ತಿ.

ಇಳಕಲ್_ಮಗ: ಅಭ್ಯಾಸ ಆಗಿದೆ ಅಂತ ನಮ್ಮಪ್ಪನೂ ಹೇಳುತ್ತಿದ್ದರು ರೀ. 22 ವರ್ಷ ಪಾಲಿಶ್ ಕೆಲಸ. ಎರಡು ಸಲ ಟಿಬಿ ಮಾತ್ರೆ ನುಂಗಿದರು. ಒಬ್ಬ ಡಾಕ್ಟರೂ ಏನು ಕೆಲಸ ಮಾಡುತ್ತೀರಿ ಅಂತ ಕೇಳಲಿಲ್ಲ. ಈಗ ಮಲಗಿದರೆ ಉಸಿರಾಡಲು ಆಗುವುದಿಲ್ಲ. ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಾರೆ.

ಕಲ್ಲುಕೆಲಸ_ಜಿಗಣಿ: ಓದಿ ಸಂಕಟವಾಯಿತು ತಮ್ಮಾ. ಆದರೆ ಧೂಳು ಏಳದಂತೆ ನೀರು ಹಾಕಿ ಕೊಯ್ಯಿ ಅನ್ನುವವರು ಕರೆಂಟಿನ ಬಗ್ಗೆಯೂ ಯೋಚಿಸಬೇಕು. ಸೈಟಿನ ವೈರಿಗೆ ಟೇಪ್ ಸುತ್ತಿರುತ್ತದೆ. ಒದ್ದೆ ನೆಲದಲ್ಲಿ ಕೂತಿದ್ದ ಹುಡುಗನಿಗೆ ಶಾಕ್ ಹೊಡೆದದ್ದನ್ನು ನಾನೇ ನೋಡಿದ್ದೇನೆ.

ಸೇಫ್ಟಿ_ಪೀಣ್ಯ: ಈ ಮಾತು ನೂರಕ್ಕೆ ನೂರು ಸರಿ. ಹಾಗಂತ ಒಣಗಲ್ಲನ್ನೇ ಕೊಯ್ಯುವುದು ಬೇಡ. ಸರಿಯಾಗಿ ಅಳತೆ ಕೊಟ್ಟರೆ ಸಿಂಕಿನ ಕಟಿಂಗ್, ಅಂಚಿನ ಮೋಲ್ಡಿಂಗ್ ಎಲ್ಲ ಕಲ್ಲಿನ ಯಾರ್ಡಿನಲ್ಲೇ ನೀರಿನ ಮಷಿನ್ನಿನಲ್ಲಿ ಮುಗಿಯುತ್ತದೆ. ಸೈಟಿನಲ್ಲಿ ಒಂದೆರಡು ಅಂಚು ಉಳಿಯಬಹುದು, ಅಷ್ಟೇ. ಅದಕ್ಕೆ ಬ್ಲೇಡಿಗೆ ನೀರು ಬಿಡುವ ಕಟ್ಟರ್ ತನ್ನಿ, ಟೇಪ್ ಸುತ್ತಿದ ವೈರ್ ಎಸೆಯಿರಿ, ಲೈನಿಗೆ, ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಮಾಸ್ಕ್ ಇವೆಲ್ಲ ಆದ ಮೇಲೆ. ಅದೂ ಎನ್95, ಮುಖಕ್ಕೆ ಅಂಟಿ ಕೂರಬೇಕು, ಗಡ್ಡ ಇದ್ದರೆ ಸಂದಿಯಲ್ಲಿ ಧೂಳು ನುಗ್ಗುತ್ತದೆ. ನಾವು ಮಾಸ್ಕಿನಿಂದಲೇ ಶುರು ಮಾಡಿ, ಹಾಕಲಿಲ್ಲ ಅಂತ ಹುಡುಗರನ್ನು ಬೈಯುತ್ತೇವೆ. ನನಗೆ ಸಿಟ್ಟು ಬರುವುದು ಅಲ್ಲೇ.

ಇನ್ನೊಂದು ವಿಷಯ. ಈಗ ಫ್ಯಾಷನ್ ಆಗಿರುವ, ಕಲ್ಲಿನ ಪುಡಿಗೆ ಅಂಟು ಬೆರೆಸಿ ಫ್ಯಾಕ್ಟರಿಯಲ್ಲಿ ಮಾಡುವ ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಸಿಲಿಕಾ ಶೇ 90ರ ಮೇಲೂ ಇರುತ್ತದೆ. ಅದನ್ನು ಕೊಯ್ಯುವ ಚಿಕ್ಕ ವಯಸ್ಸಿನವರಿಗೇ ರೋಗ ಬರುತ್ತಿದೆ ಅಂತ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು.

ಕಲ್ಲುಕೆಲಸ_ಜಿಗಣಿ: ಯಾರ್ಡಿನಲ್ಲಿ ಮಾಡಿಸಿದರೆ ರೇಟ್ ಜಾಸ್ತಿ ಬೀಳುತ್ತದೆ. ಮನೆಯವರು ಕೊಡಲ್ಲ.

ಹೊಸಮನೆ_ತುಮಕೂರು: ನಾನು ಕೊಡುತ್ತೇನೆ. ಕಿಟಕಿ ಕಲ್ಲು ಇನ್ನೂ ಬಾಕಿ ಇದೆ, ಇವತ್ತೇ ಮೇಸ್ತ್ರಿಗೆ ಹೇಳುತ್ತೇನೆ. ಈಗ ಬಿದ್ದಿರುವ ಧೂಳನ್ನು ಏನು ಮಾಡಲಿ?

ವಾರ್ಡ್_ಸಿಸ್ಟರ್: ಪೊರಕೆ ಹಾಕಬೇಡಿ, ಮತ್ತೆ ಏಳುತ್ತದೆ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಿರಿ. ಆ ಹುಡುಗ ಅಲ್ಲೇ ಮುಖ ತೊಳೆದು ಶರ್ಟ್ ಬದಲಿಸಿ ಹೋಗಲಿ. ಮನೆಯಲ್ಲಿ ಮಗು ಇದ್ದರೆ ಅದೇ ಶರ್ಟಿನಲ್ಲಿ ಎತ್ತಿಕೊಳ್ಳುತ್ತಾನೆ. ಇಳಕಲ್ ತಮ್ಮಾ, ಮುಂದಿನ ಸಲ ಅಪ್ಪನ ಹಳೇ ಎಕ್ಸ್‌ರೇಗಳನ್ನೂ ತೆಗೆದುಕೊಂಡು ಹೋಗು. 22 ವರ್ಷ ಕಲ್ಲು ಪಾಲಿಶ್ ಕೆಲಸ ಅಂತ ಚೀಟಿಯಲ್ಲೇ ಬರೆಸು.