ದುಂಡಗಿನ ಹನಿಯ ಮೇಲೆ ಪಾಲಿಮರ್ ಹೇಗೆ ಹರಳುಗಟ್ಟುತ್ತದೆ?

ಪ್ರಶ್ನೆ (ವಿದ್ಯಾರ್ಥಿನಿ, ತುಮಕೂರು):
ನಮಸ್ಕಾರ ಸರ್. ಎಂ.ಎಸ್ಸಿ. ಕೆಮಿಸ್ಟ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್ ಇದೆ. ಎಣ್ಣೆ ಹನಿಗೂ ನೀರಿಗೂ ನಡುವಿನ ಬಾಗಿದ ಗಡಿಯಲ್ಲಿ ಪಾಲಿಮರ್ ಹರಳುಗಟ್ಟುವುದು ನನ್ನ ವಿಷಯ. ಹರಳು ಅಂದರೆ ಚಪ್ಪಟೆ ಮುಖ, ನೇರ ಅಂಚು ಅಂತ ಓದಿಕೊಂಡು ಬಂದಿದ್ದೇವೆ. ಅದು ಚೆಂಡಿನ ಮೇಲೆ ಹೇಗೆ ಕೂರುತ್ತದೆ? ಪೇಪರ್ ಓದಿದಷ್ಟೂ ತಲೆ ಕೆಡುತ್ತಿದೆ.

ಉತ್ತರ (ಪಾಲಿಮರ್ ಲ್ಯಾಬಿನಲ್ಲಿ ಕೆಲಸ ಮಾಡಿದವರು):
ತಲೆ ಕೆಡೋದು ಸರಿಯಾದ ಜಾಗದಲ್ಲೇ ಕೆಟ್ಟಿದೆಯಮ್ಮ. ಸೆಮಿನಾರ್ ಅಲ್ಲಿಂದಲೇ ಶುರು ಮಾಡಿ.

ಪಾಲಿಮರ್ ಅಣು ಅಂದರೆ ಬೇಯಿಸಿದ ಶಾವಿಗೆ ಎಳೆ ಇದ್ದ ಹಾಗೆ. ಬಿಸಿಯಲ್ಲಿ ಬರೀ ಗೋಜಲು. ತಣ್ಣಗಾಗುತ್ತಾ ಎಳೆ ಹಿಂದಕ್ಕೆ ಮುಂದಕ್ಕೆ ಮಡಿಸಿಕೊಂಡು ತೆಳ್ಳನೆಯ ಹಾಳೆಯಾಗುತ್ತದೆ. 1957ರಲ್ಲಿ ಬ್ರಿಸ್ಟಲ್‌ನ ಆಂಡ್ರ್ಯೂ ಕೆಲ್ಲರ್ ಪಾಲಿಎಥಿಲೀನ್ ಹರಳುಗಳನ್ನು ನೋಡಿ ಈ ಮಡಿಕೆಯ ವಿಷಯ ಹೇಳಿದರು. ಹಾಳೆಯ ದಪ್ಪ ಸುಮಾರು 10 ನ್ಯಾನೋಮೀಟರ್.

ಈಗ ಅಡುಗೆಮನೆಗೆ ಹೋಗಿ. ಲಟ್ಟಿಸಿದ ಹಸಿ ಹಪ್ಪಳವನ್ನು ಸುಲಿದ ತೆಂಗಿನಕಾಯಿಯ ಮೇಲೆ ಹೊದಿಸಿ. ನಡುವೆ ಚೆನ್ನಾಗಿ ಕೂರುತ್ತದೆ, ಅಂಚಿನಲ್ಲಿ ನೆರಿಗೆ ಬೀಳುತ್ತದೆ. ಒಣಗಿದ ಹಪ್ಪಳ ಒತ್ತಿದರೆ ಪಟ್ ಅಂತ ಒಡೆಯುತ್ತದೆ. ಹರಳು ಎರಡನೇ ಜಾತಿಯದು. ಆದರೆ ಅದು ಮೊದಲೇ ಹಾಳೆಯಾಗಿ ಬಂದು ಹನಿಗೆ ಅಂಟುವುದಿಲ್ಲ, ಹನಿಯ ಮೇಲೇ ಬೆಳೆಯುತ್ತದೆ. ಹಾಗಾಗಿ ಬಾಗುತ್ತಾ ಬೆಳೆಯಲು ಅದಕ್ಕೆ ಅವಕಾಶ ಇದೆ. ಎಷ್ಟು ಬಾಗಬೇಕು ಅಂತ ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರಿಸಿ. ದಪ್ಪ 10, ಹನಿಯ ತ್ರಿಜ್ಯ 100 ನ್ಯಾನೋಮೀಟರ್ ಇರಲಿ. ದಪ್ಪದ ಅರ್ಧವನ್ನು ತ್ರಿಜ್ಯದಿಂದ ಭಾಗಿಸಿದರೆ 5%. ಅಂದರೆ ಹೊರಮೈ ಅಷ್ಟು ಹಿಗ್ಗಬೇಕು, ಒಳಮೈ ಅಷ್ಟೇ ಕುಗ್ಗಬೇಕು. ಹರಳಿಗೆ ಇದು ಜಾಸ್ತಿ. ತ್ರಿಜ್ಯ 1000 ಆದರೆ 0.5% ಅಷ್ಟೇ. ಹನಿಯ ಗಾತ್ರದ ಮೇಲೆ ಆಟವೇ ಬದಲಾಗುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ಹಪ್ಪಳ ಒಡೆದು ಅಮ್ಮನ ಹತ್ತಿರ ಬೈಸಿಕೊಂಡೆ ಸರ್ 😀 ಒಂದು ಅನುಮಾನ. ಬಾಟಲಿಗೆ ಸುತ್ತಿದ ಲೇಬಲ್ ಕೂಡ ಬಾಗಿರುತ್ತದೆ, ಅದಕ್ಕೆ ನೆರಿಗೆ ಬೀಳಲ್ಲ. ಯಾಕೆ?

ಉತ್ತರ:
ಒಳ್ಳೆ ಪ್ರಶ್ನೆ. ಬಾಟಲಿ ಒಂದೇ ದಿಕ್ಕಿಗೆ ಬಾಗಿದೆ, ಚೆಂಡು ಎರಡೂ ದಿಕ್ಕಿಗೆ. ಹಾಳೆಯನ್ನು ಹಿಗ್ಗಿಸದೆ, ಕುಗ್ಗಿಸದೆ ಚೆಂಡಿಗೆ ಹೊದಿಸಲು ಆಗುವುದಿಲ್ಲ ಅಂತ ಗಣಿತಜ್ಞ ಗೌಸ್ 1827ರಲ್ಲೇ ತೋರಿಸಿದ್ದರು. ನಾನು ಹೇಳಿದ 5% ಬಾಗುವುದಕ್ಕೆ ಮಾತ್ರ. ಚೆಂಡಿಗೆ ಹೊಂದಲು ಹಿಗ್ಗಿ ಕುಗ್ಗುವುದು ಬೇರೆ ಖರ್ಚು, ಹಾಳೆ ಅಗಲವಾದಷ್ಟೂ ಏರುತ್ತಲೇ ಹೋಗುತ್ತದೆ.

ಅದನ್ನು ತಪ್ಪಿಸಲು ಹರಳಿಗೆ ದಾರಿಗಳಿವೆ. ಅಗಲವಾಗುವ ಬದಲು ಪಟ್ಟಿಯಂತೆ ಬೆಳೆಯಬಹುದು. ಹಾರ್ವರ್ಡ್‌ನವರು 2014ರಲ್ಲಿ, ಪಾಲಿಮರ್ ಎಳೆಗಳಲ್ಲಿ ಅಲ್ಲ, ಹನಿಯೊಳಗಿನ ಸಣ್ಣ ಕಣಗಳಲ್ಲಿ ಇದನ್ನು ಕಂಡರು. ಕಣಗಳ ಹರಳು ಕವಲೊಡೆದ ಪಟ್ಟಿಗಳಾಗಿ ಹರಡಿತ್ತು. ಇಲ್ಲವೇ ಜೋಡಣೆಯಲ್ಲೇ ತಪ್ಪುಗಳನ್ನು ಬಿಟ್ಟುಕೊಳ್ಳಬಹುದು. ಫುಟ್ಬಾಲ್ ನೋಡಿ, ಆರು ಮೂಲೆಯ ತುಂಡುಗಳ ನಡುವೆ ಐದು ಮೂಲೆಯವು ಹನ್ನೆರಡು ಇರುತ್ತವೆ. ಅವಿಲ್ಲದೆ ಚೆಂಡು ಮುಚ್ಚಿಕೊಳ್ಳುವುದೇ ಇಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ತಿಪಟೂರು):
ಸುಮ್ನೆ ಓದ್ತಾ ಇದ್ದೆ ಸರ್. ನಮ್ಮದು ಕೊಬ್ಬರಿ ವ್ಯಾಪಾರ. ಚಳಿಗೆ ಕೊಬ್ಬರಿ ಎಣ್ಣೆ ಡಬ್ಬಿಯಲ್ಲಿ ಇಡೀ ಗಟ್ಟಿಯಾಗುತ್ತದೆ. ನಿಮ್ಮ ಹನಿ ಮೇಲ್ಗಡೆ ಮಾತ್ರ ಯಾಕೆ ಗಟ್ಟಿಯಾಗುತ್ತದೆ? ಹಾಗೆ ಗಟ್ಟಿಯಾದರೆ ಏನುಪಯೋಗ?

ಉತ್ತರ:
ಕೊಬ್ಬರಿ ಎಣ್ಣೆ ಪಾಲಿಮರ್ ಅಲ್ಲ ಅಣ್ಣ, ಆದರೂ ನಿಮ್ಮ ಅನುಮಾನ ಸರಿಯಾಗಿದೆ. ಡಬ್ಬಿಯಲ್ಲಿ ಎಲ್ಲೋ ಒಂದು ಕಸ ಇರುತ್ತದೆ, ಹರಳು ಅಲ್ಲಿಂದ ಶುರುವಾಗಿ ಎಲ್ಲ ಕಡೆ ಹಬ್ಬುತ್ತದೆ. ಅದೇ ದ್ರವವನ್ನು ಕೋಟಿಗಟ್ಟಲೆ ಹನಿ ಮಾಡಿದರೆ ಹೆಚ್ಚಿನ ಹನಿಗಳಲ್ಲಿ ಕಸವೇ ಇರುವುದಿಲ್ಲ. ಶುದ್ಧ ನೀರಿನ ಸಣ್ಣ ಹನಿ ಸೊನ್ನೆಗಿಂತ ಕೆಳಗೆ ಸುಮಾರು 38 ಡಿಗ್ರಿವರೆಗೂ ನೀರಾಗಿಯೇ ಇರಬಲ್ಲದು. ಪಾಲಿಮರ್ ಎಳೆಯ ಒಂದು ತುದಿಗೆ ನೀರು ಇಷ್ಟಪಡುವ ತುಂಡು ಜೋಡಿಸಿದರೆ ಎಳೆಗಳು ಗಡಿಗೇ ಬಂದು ಸಾಲಾಗಿ ನಿಲ್ಲುತ್ತವೆ. ಅಲ್ಲಿ ಹರಳು ಶುರುವಾಗುವುದು ಸುಲಭ.

2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕ್ರಿಸ್ಟಫರ್ ಲೀ ತಂಡ ಪಾಲಿಲ್ಯಾಕ್ಟಿಕ್ ಆಸಿಡ್ ಎಂಬ ಪಾಲಿಮರಿನಿಂದ ಇಂಥ ಟೊಳ್ಳು ಗೋಲಿ ಮಾಡಿ ಕ್ರಿಸ್ಟಲ್‌ಸೋಮ್ ಅಂತ ಕರೆಯಿತು. ಔಷಧ ತುಂಬಲು ಬಳಸುವ ಲಿಪೊಸೋಮ್ ಮೆತ್ತನೆಯ ಚೀಲ. ಇದು ಅದಕ್ಕಿಂತ ಎಷ್ಟೋ ಗಟ್ಟಿ ಚಿಪ್ಪು. ಔಷಧ ಹೊರಿಸುವ ಆಸೆ ಇಲ್ಲಿಂದಲೇ ಬಂದಿದ್ದು.

ತಂಪು ಮಾಡುವಾಗ ಅವಸರ ಬೇಡ. ಒಮ್ಮೆ ನಾನು ಹನಿಗಳಿದ್ದ ಫ್ಲಾಸ್ಕನ್ನು ಸೀದಾ ಐಸ್ ನೀರಿಗೆ ಇಳಿಸಿದೆ. ಚಿಪ್ಪು ಸಿಗಲಿಲ್ಲ, ತಳದಲ್ಲಿ ಬಿಳಿ ಮುದ್ದೆ ಕೂತಿತ್ತು. ಫ್ಲಾಸ್ಕ್ ತೊಳೆಯಲು ಸಂಜೆವರೆಗೆ ಹಿಡಿಯಿತು.

ವಿದ್ಯಾರ್ಥಿನಿಗೆ ಇನ್ನೊಂದು ಮಾತು: ಬಾಗಿದ್ದು ನಿಜವಾಗಿಯೂ ಹರಳೇನಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಎಲೆಕ್ಟ್ರಾನ್ ಡಿಫ್ರಾಕ್ಷನ್ ಚಿತ್ರ, ಅಂದರೆ ಹರಳಿನ ಮೂಲಕ ಎಲೆಕ್ಟ್ರಾನ್ ಹಾಯಿಸಿದಾಗ ಮೂಡುವ ಚಿತ್ರ ತೋರಿಸಿ. ಇದೇ ಪಾಲಿಮರಿನ ಚಪ್ಪಟೆ ಹರಳು ಕಾಜು ಕತ್ಲಿ ಆಕಾರದ್ದು, ಅದರಿಂದ ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ಹರಳು ಬಾಗಿ ದಿಕ್ಕು ತಿರುಗಿದಷ್ಟೂ ಚುಕ್ಕಿಗಳು ಎಳೆದುಕೊಂಡು ಕಮಾನಿನಂತೆ ಕಾಣುತ್ತವೆ. ಎರಡನ್ನೂ ಒಂದೇ ಸ್ಲೈಡಿನಲ್ಲಿ ಹಾಕಿ.